ಹಾರ್ಡ್ ಡಿಸ್ಕ್ ಜೋಡಿಸಿದೊಡನೆ ಕಂಪ್ಯೂಟರ್ ಆಫ್ ಆಗುತ್ತದೆಯೇ?

ಹಾರ್ಡ್ ಡಿಸ್ಕಿನ ಪವರ್ ವೈರು ತೆಗೆದರೆ ಕಂಪ್ಯೂಟರ್ ಸರಿಯಾಗಿ ಆನ್ ಆಗುತ್ತದೆ. ವೈರನ್ನು ಮತ್ತೆ ಸಿಕ್ಕಿಸಿದರೆ ಫ್ಯಾನು ಅರೆಸುತ್ತು ತಿರುಗಿ ಎಲ್ಲವೂ ನಿಂತುಹೋಗುತ್ತದೆ. ಇಂಥ ಹೊತ್ತಿನಲ್ಲಿ ಗಾಬರಿಯಿಂದ ಪವರ್ ಬಟನ್ ಅನ್ನು ಮತ್ತೆ ಮತ್ತೆ ಒತ್ತುವವರೇ ಹೆಚ್ಚು. ದಯವಿಟ್ಟು ಒತ್ತಬೇಡಿ. ಡಿಸ್ಕ್ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಅದರಲ್ಲಿರುವ ಮಕ್ಕಳ ಫೋಟೋ, ಅಂಗಡಿಯ ಲೆಕ್ಕ, ಅರ್ಧ ಬರೆದಿಟ್ಟ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆಫ್ ಮಾಡುವುದು ಯಾರು?

ಇಡೀ ಕಂಪ್ಯೂಟರಿನ ಕರೆಂಟ್ ಕಡಿಯುವುದು ಹಾರ್ಡ್ ಡಿಸ್ಕ್ ಅಲ್ಲ, ಕ್ಯಾಬಿನೆಟ್ಟಿನಲ್ಲಿದ್ದು ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್. ತನ್ನಿಂದ ಹೊರಡುವ ಯಾವುದಾದರೂ ಲೈನಿನಲ್ಲಿ ಶಾರ್ಟ್ ಕಂಡರೆ, ಅಥವಾ ಮಿತಿಮೀರಿ ಕರೆಂಟ್ ಹರಿದರೆ, ಅದು ತನ್ನನ್ನೂ ಉಳಿದ ಭಾಗಗಳನ್ನೂ ಕಾಪಾಡಲು ತಕ್ಷಣ ನಿಲ್ಲುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ ಶಾರ್ಟ್ ಆದಾಗ ಎಂಸಿಬಿ ಬೀಳುವುದೂ ಹೀಗೆಯೇ. ಹಾಗೆ ನಿಂತ ಎಸ್‌ಎಂಪಿಎಸ್, ಗೋಡೆಯ ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಡುವ ತನಕ ಮತ್ತೆ ಆನ್ ಆಗದಿರಬಹುದು. ಅದನ್ನು ಕಂಡು ಎಸ್‌ಎಂಪಿಎಸ್ ಸುಟ್ಟೇಹೋಯಿತು ಎಂದುಕೊಳ್ಳಬೇಕಿಲ್ಲ.

ಡಿಸ್ಕಿನ ತಟ್ಟೆಯ ಮೇಲೆ ಬ್ಯಾಡ್ ಸೆಕ್ಟರ್ ಬಿದ್ದಾಗಿನ ಲಕ್ಷಣಗಳೇ ಬೇರೆ. ಕಂಪ್ಯೂಟರ್ ನಿಧಾನವಾಗುತ್ತದೆ, ಹ್ಯಾಂಗ್ ಆಗುತ್ತದೆ, ನೀಲಿ ಪರದೆ ಬರುತ್ತದೆ. ಕರೆಂಟ್ ಹೋದ ಹಾಗೆ ಒಮ್ಮೆಲೇ ಆಫ್ ಆಗುವುದಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ, ಕಂಪ್ಯೂಟರ್ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ.

ದೋಷ ಎಲ್ಲೆಲ್ಲಿ ಇರಬಹುದು?

ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪವರ್ ಕನೆಕ್ಟರಿನಲ್ಲಿ 15 ಪಿನ್‌ಗಳಿವೆ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿನಲ್ಲಿ ಮೋಟಾರು ತಿರುಗಲು 12 ವೋಲ್ಟ್ ಬೇಕು, ಸರ್ಕ್ಯೂಟ್ ಬೋರ್ಡಿಗೆ 5 ವೋಲ್ಟ್. ನಿಂತ ತಟ್ಟೆಗಳನ್ನು ತಿರುಗಿಸುವ ಮೊದಲ ಕೆಲವು ಸೆಕೆಂಡುಗಳಲ್ಲಿ ಮೋಟಾರು 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್‌ನಷ್ಟು ಎಳೆಯಬಹುದು. ವೇಗ ಹಿಡಿದ ಮೇಲೆ ಸಾಮಾನ್ಯವಾಗಿ 10 ವ್ಯಾಟ್‌ಗಿಂತ ಕಡಿಮೆ ಸಾಕು. ಹಾಗಾಗಿ ಕಂಪ್ಯೂಟರ್ ಯಾವ ಗಳಿಗೆಯಲ್ಲಿ ಆಫ್ ಆಗುತ್ತದೆ ಎಂಬುದನ್ನು ಗಮನಿಸಿ.

ಬಟನ್ ಒತ್ತಿದೊಡನೆ ನಿಂತರೆ ನೇರ ಶಾರ್ಟ್ ಇರುವ ಸಂಭವ ಹೆಚ್ಚು. ಡಿಸ್ಕ್ ತಿರುಗಲು ಶುರುವಾಗಿ ನಿಂತರೆ, ಹಳೆಯ ಎಸ್‌ಎಂಪಿಎಸ್‌ಗೆ ಆ ಆರಂಭದ ಹೊರೆಯನ್ನು ತಾಳುವ ಶಕ್ತಿ ಉಳಿದಿಲ್ಲದಿರಬಹುದು. ಕೆಲಸದ ನಡುವೆ ಯಾವಾಗಲೋ ನಿಂತರೆ ಸಡಿಲ ಕನೆಕ್ಟರ್, ಬಿಸಿಯಾದ ವೈರು, ಇಲ್ಲವೇ ಡಿಸ್ಕಿಗೆ ಸಂಬಂಧವೇ ಇಲ್ಲದ ಬೇರೆ ದೋಷವನ್ನು ಹುಡುಕಬೇಕು.

ಪರೀಕ್ಷೆಯ ಕ್ರಮ

ಪ್ರತಿ ಹಂತಕ್ಕೂ ಮುನ್ನ ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ಚಾರ್ಜ್ ಹೋಗಲು ಬಿಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

1. ಡಿಸ್ಕಿನ ಪವರ್, ಡೇಟಾ ಎರಡೂ ವೈರುಗಳನ್ನು ತೆಗೆದು ಕಂಪ್ಯೂಟರ್ ಆನ್ ಮಾಡಿ. ವಿಂಡೋಸ್ ಅದೇ ಡಿಸ್ಕಿನಲ್ಲಿದ್ದರೆ ಬಯೋಸ್ ಪರದೆಯಲ್ಲೇ ಅರ್ಧ ಗಂಟೆ ಬಿಡಿ. ಆಗಲೂ ಆಫ್ ಆದರೆ ತಪ್ಪು ಡಿಸ್ಕಿನದಲ್ಲ.

2. ಕನೆಕ್ಟರುಗಳನ್ನು ಬೆಳಕಿನಲ್ಲಿ ಪರೀಕ್ಷಿಸಿ. ಕಪ್ಪಾದ ಪ್ಲಾಸ್ಟಿಕ್, ಕರಗಿದ ಅಂಚು, ಸುಟ್ಟ ವಾಸನೆ ಇದ್ದರೆ ಆ ವೈರನ್ನು ಬಿಸಾಡಿ. ಹಳೆಯ 4 ಪಿನ್ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಡಾಪ್ಟರುಗಳಲ್ಲಿ, ಅದರಲ್ಲೂ ವೈರಿನ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಬಗೆಯವುಗಳಲ್ಲಿ, ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಿದ್ದೂ ಉಂಟು. ಡಿಸ್ಕಿನ ತಳದ ಬೋರ್ಡು ಕ್ಯಾಬಿನೆಟ್ಟಿನ ತಗಡಿಗೆ ತಾಗುತ್ತಿದೆಯೇ ಎಂದೂ ನೋಡಿ.

3. ಅದೇ ಡಿಸ್ಕಿಗೆ ಎಸ್‌ಎಂಪಿಎಸ್‌ನ ಬೇರೊಂದು ವೈರು ಕೊಟ್ಟು ನೋಡಿ. ಸಮಸ್ಯೆ ಹೋದರೆ ಮೊದಲಿನ ವೈರೇ ಕೆಟ್ಟಿತ್ತು.

4. ಮಲ್ಟಿಮೀಟರ್ ಇದ್ದರೆ, ಡಿಸ್ಕ್ ಜೋಡಿಸದೆ ಕಂಪ್ಯೂಟರ್ ಆನ್ ಮಾಡಿ ವೈರಿನ ವೋಲ್ಟೇಜ್ ಅಳೆಯಿರಿ. 12 ವೋಲ್ಟ್ ಲೈನು 11.4ರಿಂದ 12.6ರೊಳಗೆ, 5 ವೋಲ್ಟ್ ಲೈನು 4.75ರಿಂದ 5.25ರೊಳಗೆ ಇರಬೇಕು. ಇದು ಸರಿಯಿದ್ದರೆ, ಮಾಹಿತಿ ಏನೂ ಇಲ್ಲದ ಹಳೆಯ ಡಿಸ್ಕೊಂದನ್ನು ಆ ವೈರಿಗೆ ಜೋಡಿಸಿ. ಆಗಲೂ ಆಫ್ ಆದರೆ ಎಸ್‌ಎಂಪಿಎಸ್ ದುರ್ಬಲವಾಗಿದೆ. ಆಗದಿದ್ದರೆ ಮೊದಲ ಡಿಸ್ಕಿನಲ್ಲೇ ಶಾರ್ಟ್ ಇರುವ ಸಂಭವ ಹೆಚ್ಚು.

ಡಿಸ್ಕಿನಲ್ಲೇ ಶಾರ್ಟ್ ಇದ್ದರೆ

ಹೆಚ್ಚಿನ ಡಿಸ್ಕ್ ಬೋರ್ಡುಗಳಲ್ಲಿ ಪವರ್ ಕನೆಕ್ಟರಿನ ಹತ್ತಿರ ಟಿವಿಎಸ್ ಡಯೋಡ್ ಎಂಬ ಕಾವಲು ಬಿಡಿಭಾಗ ಇರುತ್ತದೆ: 5 ವೋಲ್ಟಿಗೊಂದು, 12 ವೋಲ್ಟಿಗೊಂದು. ಮಿತಿಮೀರಿದ ವೋಲ್ಟೇಜ್ ನುಗ್ಗಿದಾಗ ಅದು ತಾನು ಶಾರ್ಟ್ ಆಗಿ, ಮುಂದಿನ ಚಿಪ್‌ಗಳನ್ನು ಉಳಿಸುತ್ತದೆ. ಅದು ಹಾಗೆಯೇ ಶಾರ್ಟ್ ಆಗಿ ಉಳಿದಾಗ ಪ್ರತಿ ಸಲವೂ ಎಸ್‌ಎಂಪಿಎಸ್ ನಿಲ್ಲುತ್ತದೆ. ಡಿಸ್ಕನ್ನು ಹೊರತೆಗೆದು ಡಯೋಡಿನ ಎರಡು ತುದಿಗಳ ನಡುವೆ ಅಳೆದಾಗ, ಪ್ರೋಬುಗಳನ್ನು ಅದಲುಬದಲು ಮಾಡಿದರೂ ಮೀಟರು ಸೊನ್ನೆಯ ಹತ್ತಿರದ ಓಮ್ ತೋರಿಸಿದರೆ ಅದು ಸತ್ತಿರುವ ಸಾಧ್ಯತೆಯೇ ಹೆಚ್ಚು.

ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ತಟ್ಟೆಗಳೂ ಮಾಹಿತಿಯೂ ಬಹುಶಃ ಕ್ಷೇಮವಾಗಿವೆ. ಬೋರ್ಡ್ ರಿಪೇರಿ ಬಲ್ಲವರು ಆ ಡಯೋಡನ್ನು ಬದಲಿಸಿದರೆ, ಅಥವಾ ಮಾಹಿತಿ ನಕಲು ಮಾಡುವಷ್ಟು ಹೊತ್ತಿಗೆ ತೆಗೆದುಹಾಕಿದರೆ, ಡಿಸ್ಕ್ ಮತ್ತೆ ತಿರುಗಬಹುದು. ಕಾವಲಿಲ್ಲದ ಡಿಸ್ಕನ್ನು ನಕಲಾದ ಮೇಲೆ ಬಳಸಬಾರದು. ಅದೇ ಮಾಡೆಲಿನ ಇನ್ನೊಂದು ಬೋರ್ಡ್ ತಂದು ಸಿಕ್ಕಿಸಿದರೂ ಇಂದಿನ ಡಿಸ್ಕುಗಳು ಸಾಮಾನ್ಯವಾಗಿ ಓಡುವುದಿಲ್ಲ. ಆಯಾ ಡಿಸ್ಕಿಗೇ ಹೊಂದಿಸಿದ ವಿವರಗಳು ಹಳೆಯ ಬೋರ್ಡಿನ ರೋಮ್ ಎಂಬ ಚಿಪ್‌ನಲ್ಲಿರುತ್ತವೆ. ಅದನ್ನೂ ಹೊಸ ಬೋರ್ಡಿಗೆ ವರ್ಗಾಯಿಸಬೇಕು. ಮಾಹಿತಿ ಅಮೂಲ್ಯವಾಗಿದ್ದು ಬೇರೆ ಪ್ರತಿ ಇಲ್ಲದಿದ್ದರೆ ಪ್ರಯೋಗ ಬಿಟ್ಟು ಡೇಟಾ ರಿಕವರಿ ತಜ್ಞರ ಬಳಿಗೆ ಒಯ್ಯಿರಿ. ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ಎಂದೂ ತೆರೆಯಬೇಡಿ. ಒಂದು ಧೂಳಿನ ಕಣ ತಟ್ಟೆಯನ್ನು ಗೀರಿಹಾಕಬಲ್ಲದು.

ಮತ್ತೆ ಹೀಗಾಗದಿರಲು

ವೈರುಗಳನ್ನು ಕಳಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಬದಲಿಸುವಾಗ ಹಳೆಯದರ ವೈರುಗಳನ್ನು ಹೊಸದಕ್ಕೆ ಬಳಸಬೇಡಿ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಏಕರೂಪದ ನಿಯಮವಿಲ್ಲ. ವೈರು ಸರಿಯಾಗಿ ಕೂತಂತೆ ಕಂಡರೂ 5 ವೋಲ್ಟ್ ಹೋಗಬೇಕಾದ ಪಿನ್ನಿಗೆ 12 ವೋಲ್ಟ್ ಹರಿದು, ಅದಕ್ಕೆ ಜೋಡಿಸಿದ ಡಿಸ್ಕುಗಳೆಲ್ಲ ಒಂದೇ ಕ್ಷಣದಲ್ಲಿ ಸುಡಬಹುದು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಆಗಾಗ ಡಿಸ್ಕಿನ ಆರೋಗ್ಯ ನೋಡುತ್ತಿರಿ. ಪವರ್ ಸೈಕಲ್ ಎಣಿಕೆ ನೀವು ಕಂಪ್ಯೂಟರ್ ಆನ್ ಮಾಡಿದ್ದಕ್ಕಿಂತ ವೇಗವಾಗಿ ಏರುತ್ತಿದ್ದರೆ ಡಿಸ್ಕಿನ ಪವರ್ ನಡುನಡುವೆ ಕಡಿಯುತ್ತಿರಬಹುದು. ಕನೆಕ್ಟರನ್ನು ಮೊದಲು ನೋಡಿ. ಆದರೆ ಶಾರ್ಟ್ ಯಾವ ಮುನ್ಸೂಚನೆಯನ್ನೂ ಕೊಡದೆ ಬರಬಹುದು. ಆದ್ದರಿಂದ ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿಯನ್ನು, ಕಂಪ್ಯೂಟರಿಗೆ ಸದಾ ಸಿಕ್ಕಿಸಿರದ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಈ ಕೆಲಸವನ್ನು ಕಂಪ್ಯೂಟರ್ ಸರಿಯಾಗಿ ಓಡುತ್ತಿರುವಾಗಲೇ, ಈ ವಾರವೇ ಮಾಡಿ ಮುಗಿಸಿ.