ಇನ್ನೊಂದು ಮುಚ್ಚಳ ಆಯಿಲ್

ಮದ್ದೂರಿನ ಎಳನೀರು ಮಾರುಕಟ್ಟೆಯ ಗೇಟಿನಲ್ಲಿ ಮೊನ್ನೆ ಹಳೇ ಟೂ ಸ್ಟ್ರೋಕ್ ಟಿವಿಎಸ್ ಎಕ್ಸ್‌ಎಲ್ ಒಂದು ನಿಂತುಹೋಯಿತು. ಎರಡೂ ಕಡೆ ಗೊನೆ. ಬೆಳಿಗ್ಗೆ ಒಂದೇ ತುಳಿತಕ್ಕೆ ಶುರುವಾದ ಗಾಡಿ ಬಿಸಿಯಾದ ಮೇಲೆ ಆಕ್ಸಲೇಟರ್ ಬಿಟ್ಟರೆ ಸಾಕು, ಆಫ್. ಸುತ್ತ ನಾಲ್ಕು ಜನ ಸೇರಿದರು. “ಆಯಿಲ್ ಕಮ್ಮಿ ಬಿದ್ದದೆ ಕಣಣ್ಣ, ಇನ್ನೊಂದ್ ಮುಚ್ಚಳ ಉಯ್ಯಿ. ಇಂಜಿನ್ ತಣ್ಗಿರ್ತದೆ.”

ಈ ಮುಚ್ಚಳದ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಾರ್ಬೊರೇಟರಿನ ಜೆಟ್ಟಿನ ತೂತು ನಿಮ್ಮ ಮುಚ್ಚಳ ನೋಡಿ ಹಿಗ್ಗುವುದಿಲ್ಲ. ಅದರಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್ ಬದಲು 60 ಸುರಿದರೆ, ಒಂದು ಲೀಟರ್ ಮಿಶ್ರಣದಲ್ಲಿ ಪೆಟ್ರೋಲು ಸುಮಾರು 37 ಮಿ.ಲೀ. ಖೋತಾ. ಗಾಳಿ ಮಾತ್ರ ಮೊದಲಿನಷ್ಟೇ. ಪೆಟ್ರೋಲ್ ಸಾಲದೆ ಒದ್ದಾಡುವ ಇಂಜಿನ್ನಿಗೆ ಇನ್ನಷ್ಟು ಬರ. ಜೊತೆಗೆ ಪ್ಲಗ್ಗಿಗೆ ಮಸಿ, ಸೈಲೆನ್ಸರಿಗೆ ಕಿಟ್ಟ.

ನಾನು ಚೋಕ್ ಅರ್ಧ ಎಳೆದೆ. ಗಾಡಿ ತೆಪ್ಪಗೆ ಓಡತೊಡಗಿತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಕಳ್ಳಗಾಳಿ ನುಗ್ಗುತ್ತಿದೆ. ಬೆಳಗಿನ ಚಳಿಯಲ್ಲಿ ಚೋಕ್ ಹಾಕಿದಾಗ ಈ ಕೊರತೆ ಮುಚ್ಚಿಹೋಗಿರುತ್ತದೆ; ಬಿಸಿಯಾಗಿ ಚೋಕ್ ತೆಗೆದ ಮೇಲೆ ಬಯಲಾಗುತ್ತದೆ. ಕಾರ್ಬೊರೇಟರಿನ ಬುಡಕ್ಕೆ ಸೋಪಿನ ನೀರು ಚಿಮುಕಿಸಿದೆ. ಒಂದು ಮೂಲೆಯಲ್ಲಿ ನೀರು ಒಳಕ್ಕೆ ಹೀರಿಕೊಂಡಿತು, ಸದ್ದೂ ಬದಲಾಯಿತು. ಪ್ಯಾಕಿಂಗ್ ಸೀಳಿತ್ತು, ಅಷ್ಟೇ. ಚೋಕ್ ಎಳೆದಾಗ ಇನ್ನೂ ಕೆಮ್ಮಿ ಕಪ್ಪು ಹೊಗೆ ಬಿಟ್ಟಿದ್ದರೆ ಏರ್ ಫಿಲ್ಟರನ್ನೋ, ಪೆಟ್ರೋಲ್ ಉಕ್ಕಿಸುವ ಫ್ಲೋಟನ್ನೋ ನೋಡಬೇಕಿತ್ತು. ಗದ್ದೆಯ ಕಳೆ ಮಿಷನ್ನಿಗೂ, ಮಲ್ಪೆಯ ನಾಡದೋಣಿಯ ಹಿಂದೆ ಕಟ್ಟುವ ಹಳೇ ಔಟ್‌ಬೋರ್ಡ್ ಮೋಟಾರಿಗೂ ಇದೇ ಲೆಕ್ಕ.

ಉಳಿದ ನಂಬಿಕೆಗಳು ಬೇಗ ಮುಗಿಯುತ್ತವೆ. ಸ್ಲೋ ಸ್ಕ್ರೂ ಏರಿಸಿದರೆ ಸದ್ದು ಏರುತ್ತದೆ, ಪ್ಯಾಕಿಂಗ್ ಸೀಳಿದ್ದು ಸೀಳಿದಂತೆಯೇ ಇರುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಎರಚಿದರೆ ಫಿನ್ನು ಬಿರುಕು ಬಿಟ್ಟೀತು. ಹತ್ತು ನಿಮಿಷ ಓಡಿ ನಿಲ್ಲುವ ಗಾಡಿಗೆ ಕಾಯಿಲ್ ಬದಲಿಸುವ ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ; ಗಾಳಿ ಸುಯ್ಯೆಂದರೆ ಮುಚ್ಚಳದ ತೂತು ಕಟ್ಟಿದೆ. ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ಬೈಯುವವರ ಮಾತಿನಲ್ಲಿ ಮಾತ್ರ ಅರ್ಧ ನಿಜವಿದೆ: ಹಳೇ ಕಾರ್ಬೊರೇಟರಿನಲ್ಲಿ ಅದು ಮಿಶ್ರಣವನ್ನು ಕೊಂಚ ತೆಳು ಮಾಡುತ್ತದೆ, ತಿಂಗಳುಗಟ್ಟಲೆ ನಿಂತರೆ ನೀರಿನಂಶ ಹೀರುತ್ತದೆ. ಆದರೆ ಸೀಳಿದ ಪ್ಯಾಕಿಂಗನ್ನೆಲ್ಲ ನಮ್ಮದೇ ಕಬ್ಬಿನ ಕೂಸಿನ ತಲೆಗೆ ಕಟ್ಟಬೇಡಿ.

ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಕಬ್ಬಿನ ಲೋಡು ಹತ್ತು ಕೇಜಿ ಕಮ್ಮಿ ತೋರಿಸಿದರೆ ಗೇಟಿಗೆ ಅಡ್ಡ ನಿಲ್ಲುವವರು ನಾವು. ಅದೇ ನಾವು ದಾರಿಯಲ್ಲಿ ಹೋಗೋನು ಹೇಳಿದ ಮುಚ್ಚಳ ಎಷ್ಟು ಮಿ.ಲೀ. ಎಂದು ಕೇಳುವುದೂ ಇಲ್ಲ. ಹೊಸ ಪ್ಯಾಕಿಂಗ್ ಹಾಕಿ ಗಾಡಿ ಹೊರಟಾಗ ನಾಲ್ವರಲ್ಲಿ ಒಬ್ಬ ಅಂದ: “ನೋಡ್ದಾ, ಆಯಿಲ್ ಈಗ್ ಕೆಲ್ಸ ಮಾಡ್ತು.”