ಕೀಬೋರ್ಡ್ ಮುಂದೆ ಹುಟ್ಟಿದ ಹಾಡು, ಕೀಬೋರ್ಡ್ ಇಲ್ಲದೆಯೂ ನಿಂತಿತು

2009ರ ನವೆಂಬರ್‌ನಲ್ಲಿ ಮಾಹಿರ್ ಝೈನ್ ಎಂಬ ಯುವಕನ ಮೊದಲ ಆಲ್ಬಂ 'ಥ್ಯಾಂಕ್ ಯೂ ಅಲ್ಲಾಹ್' ಬಂತು. ಸ್ವಲ್ಪ ಸಮಯದಲ್ಲೇ ಅದೇ ಹಾಡುಗಳು ಇನ್ನೊಂದು ರೂಪದಲ್ಲಿ ಬಂದವು. ಅದರಲ್ಲಿ ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಕಂಠ ಮತ್ತು ತಾಳ ಮಾತ್ರ. ವಾದ್ಯ ಬೇಕಾದವರಿಗೆ ಅದು, ಬೇಡವಾದವರಿಗೆ ಇದು. ನಮ್ಮ ಮಕ್ಕಳು ಮೊಬೈಲಿನಲ್ಲಿ ಎರಡನ್ನೂ ಕೇಳ್ತಾರೆ, ಹಾಡುಗಾರನ ಹೆಸರೂ ಅವರಿಗೆ ಗೊತ್ತುಂಟು. ಆದರೆ ಆತ ಅಲ್ಲಿಗೆ ಮುಟ್ಟಿದ ದಾರಿ ಎಂತದು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಹಾಡುವ ಆಸೆ ಇರುವ ಹುಡುಗರು ನಮ್ಮ ಪ್ರತಿ ಮೊಹಲ್ಲಾದಲ್ಲೂ ಇರುವುದರಿಂದ ಆ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮಾಹಿರ್ 1981ರಲ್ಲಿ ಲೆಬನಾನಿನ ಟ್ರಿಪೋಲಿಯಲ್ಲಿ ಹುಟ್ಟಿದವರು. ಅದು ಅಲ್ಲಿನ ಅಂತರ್ಯುದ್ಧದ ಕಾಲ. ಎಂಟನೇ ವಯಸ್ಸಿನಲ್ಲಿ ಮನೆಯವರ ಜೊತೆ ಸ್ವೀಡನ್ ಸೇರಿದರು. ಹತ್ತನೇ ವಯಸ್ಸಿಗೆ ಮೊದಲ ಕೀಬೋರ್ಡ್ ಕೈಗೆ ಬಂತು. ಕೀಬೋರ್ಡ್ ಎಂದರೆ ಪಿಯಾನೋದ ತಮ್ಮನಿದ್ದ ಹಾಗೆ. ಹಾರ್ಮೋನಿಯಂನಂತೆ ಅದೇ ಕಪ್ಪು-ಬಿಳಿ ಮನೆಗಳು, ಒಳಗೆ ಮಾತ್ರ ತಂತಿ ಬದಲು ಕರೆಂಟ್. ಹೊಸ ದೇಶ, ಹೊಸ ಭಾಷೆ, ಜೊತೆಗೆ ಈ ಪೆಟ್ಟಿಗೆ. ಮುಂದೆ ವಿಮಾನ ಎಂಜಿನಿಯರಿಂಗ್ ಕಲಿತು ಪದವಿ ಪಡೆದರು. ಗಲ್ಫಿಗೆ ಹೋಗುವ ಮೊದಲು ಒಂದು ಸರ್ಟಿಫಿಕೇಟ್ ಇರಲಿ ಎನ್ನುವ ನಮ್ಮ ಬ್ಯಾರಿ ತಂದೆಯಂದಿರು ಈ ಭಾಗವನ್ನು ಮಕ್ಕಳಿಗೆ ಎರಡು ಸಲ ಓದಿಸಬಹುದು.

ಆದರೆ ಮನಸ್ಸು ಸಂಗೀತದ ಕಡೆಗೇ. 2005ರ ಹೊತ್ತಿಗೆ ರೆಡ್‌ವನ್ ಎಂಬ ಹೆಸರಿನ ನಿರ್ಮಾಪಕರ ಪರಿಚಯವಾಯಿತು. ಅವರು ಮೊರೊಕ್ಕೊದಲ್ಲಿ ಹುಟ್ಟಿ ಸ್ವೀಡನ್‌ನಲ್ಲಿ ನೆಲೆಸಿದವರು. 2006ರಲ್ಲಿ ರೆಡ್‌ವನ್ ನ್ಯೂಯಾರ್ಕಿಗೆ ಹೋದಾಗ ಮಾಹಿರ್ ಕೂಡ ಹಿಂದೆಯೇ ಹೋದರು. ಅಲ್ಲಿ ಬೇರೆಯವರ ಹಾಡುಗಳಿಗೆ ಸ್ಟುಡಿಯೋದಲ್ಲಿ ಕೆಲಸ. ಹಾಡನ್ನು ಪದರ ಪದರವಾಗಿ ಕಟ್ಟುವುದು ಹೇಗೆ, ಯಾವ ದನಿ ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು ಎಂಬ ಕಸುಬು ಅಂಥ ಕಡೆ ಕುಳಿತೇ ಬರಬೇಕು. ವೇದಿಕೆ ಹತ್ತುವ ಮೊದಲಿನ ಈ ವರ್ಷಗಳ ಬಗ್ಗೆ ಅಭಿಮಾನಿಗಳು ಮಾತಾಡುವುದು ಕಡಿಮೆ. ನಮಗೆ ಕಾಣುವುದು, ಇದೇ ಅವರ ಬಂಡವಾಳ.

2008ರಲ್ಲಿ ರೆಡ್‌ವನ್ ನಿರ್ಮಿಸಿದ ಲೇಡಿ ಗಾಗಾ ಅವರ ಹಾಡು ಜಗತ್ತನ್ನೇ ಸುತ್ತಿತು. ಆ ಬಾಗಿಲ ಹತ್ತಿರವೇ ಇದ್ದ ಮನುಷ್ಯ ಸ್ವೀಡನ್‌ಗೆ ವಾಪಸ್ ಬಂದು ಮಸೀದಿಯ ಸಹವಾಸ ಹಿಡಿದರು. 2009ರ ಜನವರಿಯಿಂದ ಅವೇಕನಿಂಗ್ ಎಂಬ ಸಂಸ್ಥೆಗೆ ತನ್ನದೇ ಹಾಡುಗಳನ್ನು ಮಾಡತೊಡಗಿದರು. 2003ರಲ್ಲಿ ಸಾಮಿ ಯೂಸುಫ್ ಅವರ 'ಅಲ್ ಮುಅಲ್ಲಿಂ' ಆಲ್ಬಂ ತಂದದ್ದು ಇದೇ ಸಂಸ್ಥೆ. ಸಾಮಿ ಅವರೂ ಪಿಯಾನೋ ಬಲ್ಲವರು.

ಇಲ್ಲಿ ಪ್ರಶ್ನೆ ಬರ್ತದೆ: ವಾದ್ಯದ ಮಸ್‌ಅಲ ಎಂತ? ನಾವು ಓದುವ, ಓದಿಸುವ ಶಾಫಿಈ ಕಿತಾಬುಗಳಲ್ಲಿ ಪ್ರಬಲ ಅಭಿಪ್ರಾಯ ತಂತಿ ವಾದ್ಯ, ಊದುವ ವಾದ್ಯಗಳಿಗೆ ವಿರುದ್ಧ. ದಫ್‌ಗೆ ಅವಕಾಶ ಉಂಟು. ಬೇರೆ ಅಭಿಪ್ರಾಯದ ಉಲಮಾಗಳೂ ಇದ್ದಾರೆ. ಇಮಾಂ ಗಝ್ಝಾಲಿಯವರು 'ಇಹ್ಯಾ'ದಲ್ಲಿ ಹಾಡು ಕೇಳುವುದರ ಬಗ್ಗೆಯೇ ಒಂದು ಭಾಗ ಬರೆದಿದ್ದಾರೆ. ಈ ಚರ್ಚೆ ಒಂದು ಪುಟದಲ್ಲಿ ಮುಗಿಯುವುದಲ್ಲ. ಮಾಹಿರ್ ಮಾಡಿದ್ದು ಇಷ್ಟು: ವಾದ ಮಾಡಲಿಲ್ಲ, ಎರಡು ರೂಪದಲ್ಲಿ ಕೊಟ್ಟರು. ಕೀಬೋರ್ಡ್ ತೆಗೆದ ಮೇಲೂ ಆ ಹಾಡು ಬೀಳಲಿಲ್ಲ, ಏಕೆಂದರೆ ರಾಗ ಗಟ್ಟಿ ಇತ್ತು. ವಾದ್ಯದ ಅಬ್ಬರದಲ್ಲಿ ಅಡಗಿಕೊಂಡ ಎಷ್ಟೋ ಹಾಡುಗಳಿಗೆ ಈ ಪರೀಕ್ಷೆ ಮಾಡಿ ನೋಡಿ, ಅರ್ಧಕ್ಕರ್ಧ ನೆಲ ಕಚ್ತವೆ.

ಇನ್ನೊಬ್ಬರದ್ದು ಬೇರೆ ದಾರಿ. ಲಂಡನಿನ ಕ್ಯಾಟ್ ಸ್ಟೀವನ್ಸ್ ಮನೆಯ ಪಿಯಾನೋದಲ್ಲೇ ಸಂಗೀತ ಶುರು ಮಾಡಿ ದೊಡ್ಡ ಹೆಸರು ಮಾಡಿದವರು. 1977ರಲ್ಲಿ ಇಸ್ಲಾಂ ಸ್ವೀಕರಿಸಿ ಯೂಸುಫ್ ಇಸ್ಲಾಂ ಆದರು, ಸಂಗೀತದ ವೃತ್ತಿ ಬಿಟ್ಟರು, ಗಿಟಾರ್‌ಗಳನ್ನು ದಾನಕ್ಕಾಗಿ ಹರಾಜು ಹಾಕಿದರು. 1983ರಲ್ಲಿ ಲಂಡನಿನಲ್ಲಿ ಮಕ್ಕಳಿಗೆ ಶಾಲೆ ತೆರೆದರು. ಪಾಪ್ ಆಲ್ಬಂಗೆ ಮರಳಿದ್ದು 2006ರಲ್ಲಿ. ಬಿಟ್ಟವರೂ ಸಣ್ಣವರಾಗಲಿಲ್ಲ.

ಮಾಹಿರ್ ಅವರ ಗೆಲುವಿಗೆ ಭಾಷೆಯ ಪಾಲೂ ಉಂಟು. 'ಇನ್‌ಶಾ ಅಲ್ಲಾಹ್' ಹಾಡನ್ನು ಇಂಗ್ಲಿಷಿನಲ್ಲಿ ಹಾಡಿ ಸುಮ್ಮನಾಗಲಿಲ್ಲ. ಅರಬಿ, ಫ್ರೆಂಚ್, ಟರ್ಕಿ, ಮಲಯ, ಇಂಡೋನೇಶ್ಯ ಭಾಷೆಗಳಲ್ಲೂ ಹಾಡಿದರು. ಮಲೇಶ್ಯದಲ್ಲಿ ಆ ಆಲ್ಬಂಗೆ ಎಂಟು ಪಟ್ಟು ಪ್ಲಾಟಿನಂ ಸಿಕ್ಕಿತು. ಸ್ವೀಡನ್‌ನ ಹುಡುಗ ಕೌಲಾಲಂಪುರದ ಮನೆಮಾತಾದ.

ನಮ್ಮ ಕಡೆ ಎಂತ ಆಗ್ತಾ ಉಂಟು? ಸ್ವರ ಇರುವ ಹುಡುಗರಿಗೆ ಕೊರತೆ ಇಲ್ಲ. ಹಳೆಯ ಹಿಂದಿ ಸಿನಿಮಾ ರಾಗ ತೆಗೆದು ಬ್ಯಾರಿ ಪದ ತುಂಬಿಸ್ತಾರೆ, ರೆಡಿಮೇಡ್ ಟ್ರ್ಯಾಕ್ ಹಾಕಿ ಮದುವೆಯಲ್ಲಿ ಹಾಡ್ತಾರೆ. ಮರುವರ್ಷ ಅದು ಯಾರಿಗೂ ನೆನಪಿಲ್ಲ. ಇನ್ನು ಕೆಲವು ಹಿರಿಯರು ಹುಡುಗನ ಕೈಯಲ್ಲಿ ಕೀಬೋರ್ಡ್ ಕಂಡ ಕೂಡಲೇ ಬೈದು ಕಳಿಸ್ತಾರೆ. ಅವನು ಕೀಬೋರ್ಡ್ ಬಿಡುವುದಿಲ್ಲ, ಮದ್ರಸ ಬಿಡ್ತಾನೆ. ಕೂರಿಸಿ ಮಸ್‌ಅಲ ಹೇಳಿ, ಜೊತೆಗೆ ಒಂದು ಒಳ್ಳೆಯ ಬೈತ್ ಕೊಟ್ಟು 'ಇದಕ್ಕೆ ನೀನೇ ರಾಗ ಹಾಕು ಮೋನೇ' ಎಂದರೆ ಆಗದೇ?

ನಮ್ಮ ಮದ್ರಸದಲ್ಲಿ ಈ ಸಲದ ಮೀಲಾದ್‌ಗೆ ಏಳನೇ ತರಗತಿಯ ಇಬ್ಬರು ಮಕ್ಕಳು ಬ್ಯಾರಿಯಲ್ಲಿ ತಾವೇ ಬರೆದು, ರಾಗವನ್ನೂ ತಾವೇ ಕಟ್ಟಿದ್ದಾರೆ. ಜೊತೆಗೆ ಒಂದು ದಫ್, ಅಷ್ಟೇ. ಎರಡನೇ ಚರಣದಲ್ಲಿ ಉಸಿರು ಸಾಲುವುದಿಲ್ಲ, ತಾಳ ಓಡ್ತದೆ. ಸರಿ ಮಾಡಲಿಕ್ಕೆ ಇನ್ನೂ ಎರಡು ವಾರ ಉಂಟು.