ಗುತ್ತಿಯ ನೀಲಿ ಜೇಡ ಬೆಳೆಯುವ ಬಗೆ

ಆದೋನಿಯಿಂದ ರೈಲಿನಲ್ಲಿ ಗುಂತಕಲ್ ದಾಟಿದರೆ ಗುತ್ತಿ ಬರುತ್ತದೆ. ಈ ಊರಿನ ಹೆಸರು ಹೊತ್ತ ಒಂದು ಜೇಡ ಇದೆ ಎಂಬುದು ನಿಮಗೆ ಗೊತ್ತೆ?

ಇದರ ಮೈ ಹೊಳೆಯುವ ನೀಲಿ. ಕಾಲು ಚಾಚಿದರೆ ನಮ್ಮ ಅಂಗೈಯಷ್ಟು ಅಗಲ. ಇಂಥ ದೊಡ್ಡ, ಕೂದಲು ತುಂಬಿದ ಜೇಡಗಳಿಗೆ ಟರಾಂಟುಲಾ ಎನ್ನುತ್ತಾರೆ. ಅಮೆರಿಕ, ಯುರೋಪಿನಲ್ಲಿ ಕೆಲವರು ಇದನ್ನು ಮನೆಯಲ್ಲಿ ಸಾಕುತ್ತಾರೆ. "ಜೇಡಾನ ಸಾಕ್ತಾರಾ? ಅವರಿಗೇನು ಬ್ಯಾರೆ ಕೆಲಸ ಇಲ್ವಾ?" ಎಂದು ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. ಸಾಕ್ತಾರೆ. ಅದೂ ಬಹಳ ತಾಳ್ಮೆಯಿಂದ.

1899ರಲ್ಲಿ ಪೊಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಜೇಡದ ಬಗ್ಗೆ ಮೊದಲು ಬರೆದರು. ಅದು ಸಿಕ್ಕಿದ್ದು ಗುತ್ತಿಯಲ್ಲಿ, ರೈಲ್ವೆಯವರು ಕಟ್ಟಿಗೆ ಒಟ್ಟುವ ಜಾಗದಲ್ಲಿ. ಕಾಡಿನ ಕಟ್ಟಿಗೆಯ ಜೊತೆ ರೈಲಿನಲ್ಲಿ ಬಂದಿರಬೇಕು. ಯಾಕೆಂದರೆ ವಿಜ್ಞಾನಿಗಳಿಗೆ ಇದು ಮತ್ತೆ ಕಾಣಿಸಿದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಹಳೆಯ ಮರಗಳ ಪೊಟರೆಯೇ ಇದರ ಮನೆ.

ಸಾಕುವವರೂ ಆ ಪೊಟರೆಯನ್ನೇ ನೆನಪಿಡಬೇಕು. ಮರಿ ಬಲು ಚಿಕ್ಕದು. ಅದಕ್ಕೆ ಗಾಳಿ ಆಡುವಂತೆ ತೂತು ಮಾಡಿದ ಸಣ್ಣ ಡಬ್ಬಿ ಸಾಕು. ದೊಡ್ಡ ಡಬ್ಬಿಯಲ್ಲಿ ಬಿಟ್ಟರೆ ಅದಕ್ಕೆ ಹುಳ ಹಿಡಿಯಲು ಕಷ್ಟ. ಬೆಳೆದ ಮೇಲೆ ಎತ್ತರದ ಪೆಟ್ಟಿಗೆ ಬೇಕು. ಒಳಗೆ ಮರದ ತೊಗಟೆಯನ್ನು ನೆಟ್ಟಗೆ ನಿಲ್ಲಿಸಬೇಕು, ಪುಟ್ಟ ಬಟ್ಟಲಲ್ಲಿ ನೀರಿಡಬೇಕು. ತಿನ್ನಲು ಮಿಡತೆ, ಜಿರಳೆ. ಹುಳ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು.

ಎಲ್ಲಕ್ಕಿಂತ ನಾಜೂಕಿನ ಸಮಯ ಪೊರೆ ಬಿಡುವ ಕಾಲ. ನಮ್ಮ ಚರ್ಮ ನಮ್ಮ ಜೊತೆ ಬೆಳೆಯುತ್ತದೆ. ಜೇಡದ ಹೊರಮೈ ಗಟ್ಟಿ ಚಿಪ್ಪಿನ ಹಾಗೆ, ಅದು ಹಿಗ್ಗುವುದಿಲ್ಲ. ಆದ್ದರಿಂದ ಹಾವಿನಂತೆ ಜೇಡವೂ ಹಳೆ ಪೊರೆ ಬಿಟ್ಟೇ ಬೆಳೆಯಬೇಕು. ಮರಿಗಳು ಮೇಲಿಂದ ಮೇಲೆ ಪೊರೆ ಬಿಡುತ್ತವೆ. ದೊಡ್ಡ ಹೆಣ್ಣು ವರ್ಷಕ್ಕೊಮ್ಮೆ ಬಿಟ್ಟರೆ ಹೆಚ್ಚು. ಮೊದಲು ಮೈ ಬಣ್ಣ ಮಂಕಾಗುತ್ತದೆ, ಊಟ ಬಿಡುತ್ತದೆ. ಆಮೇಲೆ ಅಂಗಾತ ಮಲಗಿಬಿಡುತ್ತದೆ. ಹೊಸದಾಗಿ ಸಾಕುವವರು ಸತ್ತೇಹೋಯಿತು ಅಂತ ಎತ್ತಿ ಬಿಸಾಕುತ್ತಾರೆ! ಸತ್ತಿರುವುದಿಲ್ಲ. ಆಗ ಮುಟ್ಟಬಾರದು, ಅಲುಗಿಸಬಾರದು. ಪೆಟ್ಟಿಗೆಯಲ್ಲಿ ಹುಳ ಉಳಿದಿದ್ದರೆ ಮೊದಲೇ ತೆಗೆದಿರಬೇಕು. ಪೊರೆ ಬಿಟ್ಟ ಜೇಡ ಬೆಣ್ಣೆಯಂತೆ ಮೆತ್ತಗೆ. ತಿನ್ನಲೆಂದು ಹಾಕಿದ ಹುಳವೇ ಅದನ್ನು ಕಚ್ಚಿ ಕೊಂದೀತು. ಹೊಸ ಹಲ್ಲು ಮೊದಲು ಬಿಳಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗುವ ತನಕ ಊಟ ಕೊಡಬಾರದು. ಕಾಲು ಮುರಿದಿದ್ದರೆ ಪೊರೆ ಬಿಟ್ಟಾಗ ಹೊಸ ಕಾಲು ಬರುತ್ತದೆ.

ಗಂಡೋ ಹೆಣ್ಣೋ ಎಂಬುದನ್ನು ತಿಳಿದವರು ಬಿಟ್ಟ ಪೊರೆಯ ಒಳಭಾಗ ನೋಡಿ ಹೇಳುತ್ತಾರೆ. ಗಂಡು ಬೇಗ ಪ್ರಾಯಕ್ಕೆ ಬರುತ್ತದೆ. ಬಾಯಿ ಪಕ್ಕದ ಪುಟ್ಟ ಕೈಗಳ ತುದಿ ದಪ್ಪಗಾದರೆ ಪ್ರಾಯಕ್ಕೆ ಬಂತು ಎಂದರ್ಥ. ಆಮೇಲೆ ಅದು ಗೂಡು ಬಿಟ್ಟು ಹೆಣ್ಣನ್ನು ಹುಡುಕುತ್ತಾ ತಿರುಗುತ್ತದೆ. ಗಂಡಿನ ಆಯಸ್ಸು 3-4 ವರ್ಷ, ಹೆಣ್ಣು 10 ವರ್ಷಕ್ಕೂ ಮೇಲೆ ಬದುಕುತ್ತದೆ.

ಕೈಮೇಲೆ ಬಿಟ್ಟುಕೊಂಡು ಆಡಿಸುವ ಪ್ರಾಣಿ ಇದಲ್ಲ. ಮಿಂಚಿನಂತೆ ಓಡುತ್ತದೆ. ಕಚ್ಚಿದರೆ ಜೀವ ಹೋಗದು, ಆದರೆ ವಿಪರೀತ ನೋವು, ಸ್ನಾಯು ಸೆಳೆತ ಬರುತ್ತದೆ. ಆಸ್ಪತ್ರೆಗೆ ಹೋಗಲೇಬೇಕು.

ಪರದೇಶದ ಮನೆಗಳಲ್ಲಿ ಈ ಜೇಡ ಮರಿ ಮಾಡಿ ಹೆಚ್ಚುತ್ತಿದೆ. ಇಲ್ಲಿ ಮಾತ್ರ ಉಳಿದಿರುವುದು 100 ಚದರ ಕಿಲೋಮೀಟರ್‌ಗೂ ಕಡಿಮೆ ಜಾಗದಲ್ಲಿ. 2008ರಲ್ಲಿ ಇದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಸೌದೆಗೆ ಹಳೆ ಮರ ಕಡಿದರೆ ಅದರ ಜೊತೆ ಪೊಟರೆಯೂ ಹೋಗುತ್ತದೆ. 2019ರಿಂದ ದೇಶ ದೇಶಗಳ ನಡುವೆ ಈ ಜೇಡದ ಮಾರಾಟಕ್ಕೆ ಕಟ್ಟುಪಾಡು ಬಂದಿದೆ. ನೀಲಿ ಜೇಡ ಹಿಡಿದುಕೊಟ್ಟರೆ ದುಡ್ಡು ಕೊಡ್ತೀವಿ ಎಂದು ಯಾರಾದರೂ ಕೇಳಿಕೊಂಡು ಬಂದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ನಿಮ್ಮ ಮನೆಗೆ ಯಾವುದೇ ದೊಡ್ಡ ಜೇಡ ಬಂದರೆ ಪೊರಕೆ ಎತ್ತಬೇಡಿ. ಮೇಲೆ ಡಬ್ಬಿ ಕವುಚಿ, ಕೆಳಗೆ ಗಟ್ಟಿ ರಟ್ಟು ತೂರಿಸಿ. ಹಾಗೇ ಎತ್ತಿಕೊಂಡು ಹೋಗಿ ಊರಾಚೆ ಮರದ ಬುಡದಲ್ಲಿ ಬಿಡಿ.